ಉಜ್ಜಿದ ಮಾತ್ರೆಗಳು

"ಅವನು ಮಾತ್ರೆ ಬಿಟ್ಟು ಏಳು ತಿಂಗಳಾಯ್ತಲ್ಲ ಮಗಾ, ನಿಂಗೆ ಗೊತ್ತಿಲ್ವಾ?"

ಮಂಚದ ಆ ತುದಿ ಹಿಡಿದಿದ್ದ ಸ್ಪ್ರಿಂಗ್ ಮಾಮ ಹೀಗಂದಾಗ ಈ ತುದಿ ಹಿಡಿದಿದ್ದ ಮೇಸ್ತ್ರಿಯ ಮಗಳ ಕೈ ಜಾರಿತು. ಮಂಚದ ಕಾಲು ಅವಳದೇ ಹೆಬ್ಬೆರಳ ಮೇಲೆ ಕೂತಿತು. ನೋವಾಯಿತು, ಆದರೆ ಪಕ್ಕದ ಮನೆಯಲ್ಲಿ ಯಾರಿಗೋ ಆದ ಹಾಗೆ.

"ಯಾರು ಬಿಟ್ಟಿದ್ದು?" ಅಂದಳು.

"ನಿಮ್ಮಪ್ಪ. ಮತ್ತೆ ನಾನಾ? ಎತ್ತು ಮೊದ್ಲು, ವ್ಯಾನು ಬರೋ ಹೊತ್ತಾಯ್ತು."

ಇಬ್ಬರೂ ಮಂಚವನ್ನು ಓರೆ ಮಾಡಿ ಗೋಡೆಗೆ ಒರಗಿಸಿದರು. ಆಸ್ಪತ್ರೆಯಿಂದ ಅಪ್ಪನ ದೇಹ ತಂದರೆ ಮಲಗಿಸಲು ಜಾಗ ಬೇಕಿತ್ತು. ಅಪ್ಪ ತಕ್ಕಡಿ ರಿಪೇರಿಯವನು. ಸಂತೆಯ ಕೈತಕ್ಕಡಿಯಿಂದ ಹಿಡಿದು ಲಾರಿ ತೂಗುವ ವೇಬ್ರಿಡ್ಜಿನವರೆಗೆ ಎಲ್ಲದರ ಮುಳ್ಳನ್ನೂ ನೆಟ್ಟಗೆ ನಿಲ್ಲಿಸುವ ಕೆಲಸ. ಪೇಟೆಯವರೆಲ್ಲ ಮೇಸ್ತ್ರಿ ಎನ್ನುತ್ತಿದ್ದರು. ನಿನ್ನೆ ಶನಿವಾರ ಮಧ್ಯಾಹ್ನ ಅಂಗಡಿಯ ಸ್ಟೂಲಿನ ಮೇಲೆ ಕೂತವನು ಕೂತ ಹಾಗೆಯೇ ಪಕ್ಕಕ್ಕೆ ವಾಲಿದ್ದ. ಎದೆ ನಿಂತಿತು ಅಂದರು ಡಾಕ್ಟರು. ಸ್ಪ್ರಿಂಗ್ ಮಾಮ ಇಪ್ಪತ್ತೆರಡು ವರ್ಷ ಅದೇ ಅಂಗಡಿಯಲ್ಲಿ ಅಪ್ಪನ ಜೊತೆಗಿದ್ದವನು. ಸ್ಪ್ರಿಂಗ್ ತಕ್ಕಡಿಗಳ ಕೆಲಸ ಅವನ ಪಾಲು, ಜೊತೆಗೆ ನಡೆಯುವಾಗ ಎರಡು ಹೆಜ್ಜೆಗೊಮ್ಮೆ ಕುಪ್ಪಳಿಸುವ ಚಾಳಿ. ಹೆಸರು ಹಾಗೆ ಬಂದು ಅಂಟಿಕೊಂಡಿತ್ತು.

ಹಜಾರದಲ್ಲಿ ಅತ್ತೆ, ಅಂದರೆ ಅಪ್ಪನ ಅಕ್ಕ, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. ಮೂರು ವರ್ಷ ಆ ನೋವಿನ ಮಾತ್ರೆ ನುಂಗಿ ನುಂಗಿಯೇ ತಮ್ಮನ ಎದೆ ಹೋಯಿತು, ತಾನು ಬಡ್ಕೊಂಡೆ, ಯಾರೂ ಕೇಳಲಿಲ್ಲ ಅಂತ. ಸ್ಪ್ರಿಂಗ್ ಮಾಮನ ಬಾಯಿ ತಡೆಯದೆ ಆ ಸುದ್ದಿ ಹೊರಬಿದ್ದದ್ದೇ ಇದನ್ನು ಕೇಳಿ.

"ಮಾತ್ರೆ ಡಬ್ಬಿ ತುಂಬಿಸ್ತಾನೇ ಇದ್ರಲ್ಲ," ಅಂದಳು ಮಗಳು. "ಹೋದ ಭಾನುವಾರ ಕೂಡ."

ಸ್ಪ್ರಿಂಗ್ ಮಾಮ ಕೈಗೆ ಅಂಟಿದ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡ. ಅವಳ ಮುಖ ನೋಡಲಿಲ್ಲ. "ಆಮೇಲೆ ಅಂಗಡಿ ಕಡೆ ಬಾ," ಅಂದ. "ಇಲ್ಲಿ ಬೇಡ."

*

ಡಬ್ಬಿ ಅಡುಗೆಮನೆಯ ಮೇಲಿನ ಹಲಗೆಯ ಮೇಲಿರುತ್ತಿತ್ತು. ಮೂರು ವರ್ಷದ ಕೆಳಗೆ ಅಪ್ಪ ಲಾರಿ ತೂಗುವ ವೇಬ್ರಿಡ್ಜಿನ ಗುಂಡಿಗೆ ಬಿದ್ದು ಬೆನ್ನು ಮುರಿದುಕೊಂಡ ಮೇಲೆ ಅದು ಮನೆಗೆ ಬಂದದ್ದು. ಪಟ್ಟಿಯಿಂದ ಮಾತ್ರೆ ಬಿಡಿಸಲು ಅವನ ದಪ್ಪ ಬೆರಳಿಗೆ ಬರುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಅಂಗಡಿಗೆ ಹೋಗಿ, ವಾರಕ್ಕಾಗುವಷ್ಟನ್ನೂ ಇಕ್ಕಳದಲ್ಲಿ ಒತ್ತಿ ಬಿಡಿಸಿ, ಡಬ್ಬಿಗೆ ಸುರಿದು ತರುತ್ತಿದ್ದ.

ಮಗಳದ್ದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಲ್ಲಿ ಕೆಲಸ. ಸುಮಾರು ಎರಡು ವರ್ಷದ ಕೆಳಗೆ ಅವಳ ಬಲಭುಜಕ್ಕೆ ಆಪರೇಷನ್ ಆಯಿತು. ಡಾಕ್ಟರು ಎರಡು ತಿಂಗಳು ಅದೇ ಜಾತಿಯ ಮಾತ್ರೆ ಬರೆದರು, ಮೂರನೇ ತಿಂಗಳು ಸಾಕು ಅಂದರು. ಸಾಕು ಅನ್ನುವುದು ಅವರ ಬಾಯಿಗೆ ಸುಲಭ. ಅವಳಿಗೆ ಭುಜದ ನೋವು ಹೋಗಿತ್ತು, ಆದರೆ ಮಾತ್ರೆ ಇಲ್ಲದ ದಿನ ಮೈಯೆಲ್ಲ ಮುಳ್ಳು, ಮೂಗು ನಲ್ಲಿ, ಕಾಲು ಹೇಳಿದ ಮಾತು ಕೇಳುವುದಿಲ್ಲ. ಹೀಗಾಗಿ ಅಪ್ಪನ ಡಬ್ಬಿಯಿಂದ ಒಂದು. ಒಂದರಿಂದ ಏನಾಗುತ್ತದೆ ಅಂತ ಇನ್ನೊಂದು ದಿನ ಇನ್ನೊಂದು.

ಒಂದು ಮುಂಜಾನೆ ಅವಳು ತುದಿಗಾಲಲ್ಲಿ ನಿಂತು ಹಲಗೆ ತಡಕಾಡುತ್ತಿದ್ದಾಗ ಹಿಂದಿನಿಂದ ಅಪ್ಪನ ದನಿ ಬಂತು.

"ಲೈಟ್ ಹಾಕ್ಕೋ. ಗಾಜಿನ ಲೋಟ ಇದೆ ಅಲ್ಲಿ, ಕೈಗೆ ತಾಗುತ್ತೆ."

ಅಷ್ಟೇ ಹೇಳಿ ಅವನು ಮುಖ ತೊಳೆಯಲು ಹೋದ. ಅವಳು ಲೈಟ್ ಹಾಕಲಿಲ್ಲ. ಅಪ್ಪ ನೋಡಲಿಲ್ಲ ಅಂದುಕೊಂಡಳು. ಹಾಗಂದುಕೊಳ್ಳುವುದು ಸುಲಭವಿತ್ತು.

*

ಸ್ಮಶಾನದಲ್ಲಿ ಅವಳ ಕಣ್ಣು ಮೂಗು ಒಂದೇ ಸಮ ಸುರಿಯಿತು. ಬಂದವರೆಲ್ಲ ಅವಳ ಬೆನ್ನು ಸವರಿದರು. ಅಪ್ಪನ ಮೇಲೆ ಎಷ್ಟು ಪ್ರಾಣ ನೋಡಿ ಅಂದಳು ಅತ್ತೆ. ಅವಳಿಗೆ ಗೊತ್ತಿತ್ತು, ಇದು ಅಳು ಅಲ್ಲ. ಕೊನೆಯ ಎರಡು ಮಾತ್ರೆ ನುಂಗಿದ್ದು ನಿನ್ನೆ ಬೆಳಗ್ಗೆ, ಅಪ್ಪ ಇನ್ನೂ ಬೂಟಿನ ಲೇಸು ಕಟ್ಟುತ್ತಿದ್ದಾಗ. ಡಬ್ಬಿ ಆಗಲೇ ಖಾಲಿಯಾಗಿತ್ತು. ಈಗ ಬಿಸಿಲಲ್ಲಿ ನಿಂತರೂ ತೋಳಿನ ಕೂದಲು ಎದ್ದು ನಿಂತಿದ್ದವು. ಬೆಂಕಿ ಹತ್ತಿಕೊಂಡಾಗಲೂ ಅವಳ ತಲೆಯೊಳಗೆ ಓಡುತ್ತಿದ್ದದ್ದು ಒಂದೇ: ಅಂಗಡಿಯಲ್ಲಿ ಪಟ್ಟಿಗಳಿರಬೇಕು.

ಹಿಂದೆ ನಿಂತಿದ್ದ ತರಕಾರಿಯವನು ಯಾರಿಗೋ ಹೇಳುತ್ತಿದ್ದ. ಮೇಸ್ತ್ರಿಗೆ ಒಮ್ಮೆ ತಾನೇ, ಕೇಜಿಗೆ ಐವತ್ತು ಗ್ರಾಂ ನುಂಗೋ ಹಾಗೆ ತಕ್ಕಡಿ ಮಾಡಿಕೊಡಿ ಅಂತ ಕಿವಿಯಲ್ಲಿ ಹೇಳಿದ್ದನಂತೆ. ಮೇಸ್ತ್ರಿ ಬೈಯಲಿಲ್ಲ, ಕೂಗಾಡಲಿಲ್ಲ. ತಕ್ಕಡಿಯನ್ನು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಂತೆ ನೆಟ್ಟಗೆ ಮಾಡಿಕೊಟ್ಟು, ಎರಡು ವರ್ಷ ಇವನ ಹತ್ತಿರ ತರಕಾರಿ ಕೊಳ್ಳಲಿಲ್ಲ.

"ಎರಡು ವರ್ಷ ಆದ್ಮೇಲೆ ಬಂದು ಒಂದ್ ಕೇಜಿ ಟೊಮೇಟೊ ತಗೊಂಡ್ರು," ಅಂದ ತರಕಾರಿಯವನು. "ಮನೆಗೆ ಹೋಗಿ ತೂಕ ಹಾಕಿರ್ತಾರೆ, ಬಿಡಿ."

ಒಂದಿಬ್ಬರು ನಕ್ಕರು. ಅಮ್ಮನೂ ನಕ್ಕಳು. ನಕ್ಕು, ತಾನು ಎಲ್ಲಿದ್ದೇನೆ ಅನ್ನುವುದು ನೆನಪಾಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

*

ಹೋದ ವರ್ಷ ಅಪ್ಪ ನಾಲ್ಕು ದಿನ ಮನೆಗೆ ಬಂದಿರಲಿಲ್ಲ. ದೂರದ ಗೋದಾಮಿನಲ್ಲಿ ಕೆಲಸ ಅಂದಿದ್ದ. ಐದನೇ ದಿನ ಬಂದಾಗ ಕೆನ್ನೆ ಒಳಕ್ಕೆ ಹೋಗಿತ್ತು, ಅಂಗಿಯಿಂದ ಹುಳಿ ಬೆವರಿನ ವಾಸನೆ. ಹೊಟ್ಟೆ ಕೆಟ್ಟಿತ್ತು ಅಂದ. ಅಮ್ಮ ಗಂಜಿ ಮಾಡಿಕೊಟ್ಟಳು. ಅವನು ಗೋಡೆಗೆ ಒರಗಿ ಕೂತು, ಚಮಚ ಅಲುಗಾಡದ ಹಾಗೆ ಎರಡು ಕೈಯಲ್ಲಿ ಹಿಡಿದು ಉಂಡ.

ಮಗಳು ಎದುರಿಗೇ ಕೂತಿದ್ದಳು. ಅಪ್ಪನ ತೋಳಿನ ಮೇಲೆ ಎದ್ದು ನಿಂತ ಕೂದಲು ಅವಳಿಗೆ ಕಂಡಿತ್ತು. ಅದೇನು ಅಂತ ಆ ಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಆದರೂ ಅವಳು ಕೇಳಲಿಲ್ಲ. ಅಪ್ಪ ಬಿಟ್ಟರೆ ಡಬ್ಬಿಯೂ ಹೋಗುತ್ತದೆ. ಮುಂದಿನ ಭಾನುವಾರ ಡಬ್ಬಿ ಎಂದಿನಂತೆ ತುಂಬಿ ಬಂದಾಗ ಅವಳಿಗೆ ಹೋದ ಜೀವ ಬಂದ ಹಾಗಾಗಿತ್ತು.

*

ಮಧ್ಯಾಹ್ನ ಮೂರಕ್ಕೆ, ಅಪ್ಪನ ಗುರುತಿನ ಕಾರ್ಡು ತರುತ್ತೇನೆ ಅಂತ ನೆಪ ಹೇಳಿ ಅವಳು ಅಂಗಡಿಗೆ ಹೋದಳು. ಸ್ಪ್ರಿಂಗ್ ಮಾಮ ಷಟರನ್ನು ಅರ್ಧ ಎತ್ತಿ ಕಾಯುತ್ತಿದ್ದ. ಒಳಗೆ ಎಣ್ಣೆ, ತುಕ್ಕು, ಹಿತ್ತಾಳೆಯ ವಾಸನೆ. ಅವನು ಅಪ್ಪನ ಮೇಜಿನ ಕೆಳಗಿನ ಡ್ರಾಯರು ಎಳೆದ. ಚಿನ್ನ ತೂಗುವ ಪುಟ್ಟ ತಕ್ಕಡಿ, ಲೋಹ ಉಜ್ಜುವ ಒಂದು ಸಣ್ಣ ಅರ, ಮಡಿಸಿದ ಕಾಗದದಲ್ಲಿ ಬಿಳೀ ಪುಡಿ. ಪಕ್ಕದಲ್ಲಿ ಮಾತ್ರೆಯ ಪಟ್ಟಿಗಳು.

ಅವಳ ಬಾಯಲ್ಲಿ ನೀರೂರಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಸ್ಪ್ರಿಂಗ್ ಮಾಮ ನಿಂತುಕೊಂಡೇ ಹೇಳಿದ. ಅಪ್ಪ ಮೊದಲ ಸಲ ಬಿಟ್ಟದ್ದು ತಕ್ಕಡಿಯವನ ಹಾಗೆ. ಮುಳ್ಳು ಅಂದರೆ ಸೊನ್ನೆಗೆ ಬರಬೇಕು, ಒಂದೇ ಏಟಿಗೆ. ಆ ನಾಲ್ಕು ದಿನ ಗೋದಾಮೂ ಇಲ್ಲ, ಗೀದಾಮೂ ಇಲ್ಲ, ಈ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಕೆಟ್ ಇಟ್ಟುಕೊಂಡು ಬಿದ್ದಿದ್ದ. ಐದನೇ ದಿನ ಸೋತು ಮತ್ತೆ ನುಂಗಿದ. ಆಮೇಲೆ ಮಗು ತೂಗುವ ತಕ್ಕಡಿಯ ರಿಪೇರಿಗೆ ಬಂದ ಕ್ಲಿನಿಕ್ಕಿನ ನರ್ಸಮ್ಮ ಇವನ ಮುಖ ನೋಡಿಯೇ ಕಂಡುಹಿಡಿದರು. ಡಾಕ್ಟರ ಹತ್ತಿರ ಕೂರಿಸಿದರು. ವಾರಕ್ಕಿಷ್ಟು ಅಂತ ಅವರು ಬರೆದುಕೊಟ್ಟ ಹಾಗೆ ಇಳಿಸುತ್ತಾ ಬಂದು ನಾಲ್ಕು ತಿಂಗಳಿಗೆ ಬಿಟ್ಟ. ಬೆನ್ನು ನೋವು ಇತ್ತು. ಬೆಳಗ್ಗೆ ನೆಲದ ಮೇಲೆ ಮಲಗಿ ಕಾಲು ಎತ್ತಿ ಇಳಿಸುತ್ತಿದ್ದ, ಅದೇ ಔಷಧಿ.

"ಬಿಟ್ಟ ಮೇಲೆ ಡಬ್ಬಿ ಯಾಕೆ ತುಂಬಿಸಿದ್ರು?"

"ಯಾರಿಗೆ ಅಂತ ನಿಂಗೊತ್ತು, ನಂಗೊತ್ತು. ಅವನಿಗೂ ಗೊತ್ತಿತ್ತು."

ಅವಳು ಅಪ್ಪನ ಸ್ಟೂಲನ್ನು ಹುಡುಕಿ ಕೂತಳು.

"ಹಳೇ ಡಾಕ್ಟ್ರ ಹತ್ರ ಸುಳ್ಳು ಹೇಳಿ ಚೀಟಿ ಬರೆಸ್ಕೊಳ್ತಿದ್ದ," ಅಂದ ಸ್ಪ್ರಿಂಗ್ ಮಾಮ. "ಭಾನುವಾರ ಇಲ್ಲಿ ಕೂತು ಒಂದೊಂದೇ ಮಾತ್ರೆ ಅರದಲ್ಲಿ ಉಜ್ಜೋನು. ತೂಗೋನು. ಮತ್ತೆ ಉಜ್ಜೋನು. ಪ್ರತಿ ವಾರ, ಚಿನ್ನ ತೂಗೋ ಗುಂಜಿಗಿಂತ ಎಷ್ಟೋ ಕಮ್ಮಿ ಇಳಿಸ್ತಿದ್ದ. ಅವಳಿಗೆ ಗೊತ್ತಾಗ್ದೇ ಇರೋ ಹಾಗೆ ಇಳಿಸ್ಬಿಡ್ತೀನಿ, ಕೇಳೋ ಕಷ್ಟ ನಂಗಿಲ್ಲ, ಹೇಳೋ ಕಷ್ಟ ಅವಳಿಗಿಲ್ಲ ಅಂತಿದ್ದ. ನಾನು ಬೈದೆ ಕಣಮ್ಮ. ಔಷಧಿ ಜೊತೆ ಆಟ ಆಡ್ಬೇಡ, ಬಾಯಿ ಬಿಟ್ಟು ಕೇಳು ಅಂದೆ. ಎಮ್ಮೆ ಮೇಲೆ ಮಳೆ ಸುರಿದ ಹಾಗೆ."

ಮಾತ್ರೆಗಳ ಅಂಚು ಸವೆದಿದ್ದದ್ದು ಅವಳು ನೋಡಿದ್ದಳು. ಕಂಪನಿಯವರೂ ಮೋಸ ಶುರುಮಾಡಿದರು ಅಂದುಕೊಂಡಿದ್ದಳು. ಮೈ ಮತ್ತೆ ಮುಳ್ಳಾಗತೊಡಗಿದಾಗ ಅವಳು ಮಾಡಿದ್ದು ಒಂದೇ.

"ನಾನು ಎರಡೆರಡು ನುಂಗ್ತಿದ್ದೆ ಮಾಮ," ಅಂದಳು. "ಸಣ್ಣದಾಗಿದೆ ಅಂತ."

"ಗೊತ್ತಾಯ್ತು ಅವನಿಗೆ. ಹೋದ ಭಾನುವಾರ ಬರೋಕೆ ಮುಂಚೇನೇ ಡಬ್ಬಿ ಖಾಲಿ ಆಗಿದ್ದು ನೋಡಿ." ಸ್ಪ್ರಿಂಗ್ ಮಾಮ ಅರವನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ. "ಇದೇ ಜಾಗದಲ್ಲಿ ಕೂತ್ಕೊಂಡು ಅಂದ, ಜನ್ಮ ಪೂರ್ತಿ ಕಡಿಮೆ ತೂಕದೋರನ್ನ ಹಿಡಿದೆ, ಕೊನೆಗೆ ನನ್ನ ಮಗಳಿಗೆ ನಾನೇ ಕಡಿಮೆ ತೂಕ ಹಾಕ್ದೆ. ತೂಕ ಕಮ್ಮಿಯಾದ್ರೆ ಗಿರಾಕಿ ಇನ್ನೊಂದು ಕೇಜಿ ತಗೊಳ್ತಾನೆ ಅನ್ನೋದು ನನ್ನ ತಲೆಗೇ ಹೊಳೀಲಿಲ್ವಲ್ಲ ಅಂತ. ಬರೋ ಭಾನುವಾರ ಕೂರಿಸ್ಕೊಂಡು ಕೇಳ್ತೀನಿ ಅಂದಿದ್ದ."

ಬರುವ ಭಾನುವಾರ ಅಂದರೆ ಇವತ್ತು. 

ನರ್ಸಮ್ಮನಿಗೆ ಫೋನ್ ಮಾಡ್ತೀನಿ, ಒಳಗೆ ಸಿಗ್ನಲ್ ಬರಲ್ಲ ಅಂತ ಸ್ಪ್ರಿಂಗ್ ಮಾಮ ಷಟರಿನ ಕೆಳಗೆ ಬಗ್ಗಿ ಬೀದಿಗೆ ಹೋದ. ಡ್ರಾಯರು ತೆರೆದೇ ಇತ್ತು. ಪಟ್ಟಿಗಳು ಎಷ್ಟಿವೆ ಅಂತ ಅವನು ನೋಡಿರಲಿಲ್ಲ. ಅವಳ ಕೈ ಅವಳನ್ನು ಕೇಳಲಿಲ್ಲ. ಒಂದು ಪಟ್ಟಿ ಎತ್ತಿ ಬ್ಯಾಗಿನ ತಳಕ್ಕೆ, ಬಾಚಣಿಗೆಯ ಕೆಳಗೆ ತುರುಕಿತು. ಎದೆ ಹೊಡೆದುಕೊಳ್ಳಲೂ ಇಲ್ಲ. ಇಸ್ತ್ರಿ ಮಾಡಿದ ಅಂಗಿಯನ್ನು ಕಪಾಟಿನಲ್ಲಿ ಇಟ್ಟಷ್ಟೇ ಸಲೀಸು.

ಹೊರಗೆ ಸ್ಪ್ರಿಂಗ್ ಮಾಮ ಜೋರು ದನಿಯಲ್ಲಿ ಹೂಂಗುಟ್ಟುತ್ತಿದ್ದ. ಫೋನಿನಲ್ಲಿ ಮಾತಾಡುವಾಗ ಆ ಕಡೆಯವರು ಬೆಟ್ಟದ ಮೇಲಿದ್ದಾರೆ ಅನ್ನುವ ಹಾಗೆ ಕೂಗುವವನು ಅವನು. ಇಡೀ ಬೀದಿಗೆ ಕೇಳುತ್ತಿತ್ತು. ಇಲ್ಲ ನರ್ಸಮ್ಮ, ಅವಳು ಒಳ್ಳೇ ಹುಡುಗಿ. ಹೂಂ, ಒಳ್ಳೇ ಹುಡುಗಿ. ಬಂದೇ ಬರ್ತಾಳೆ, ನಾನಿದೀನಿ.

ಅವನು ಒಳಗೆ ಬಂದು ನರ್ಸಮ್ಮ ಹೇಳಿದ್ದನ್ನು ಬೆರಳು ಮಡಿಸಿ ಒಪ್ಪಿಸಿದ. ಒಮ್ಮೆಗೇ ಬಿಡಬಾರದು, ಅಪ್ಪ ಮಾಡಿದ ತಪ್ಪು ಮಾಡಬಾರದು. ಇವತ್ತು ರೂಢಿ ಇದ್ದಷ್ಟೇ ತೆಗೆದುಕೊಳ್ಳಬೇಕು, ಅದಕ್ಕಿಂತ ಜಾಸ್ತಿ ಕೂಡದು. ರಾತ್ರಿ ಒಬ್ಬಳೇ ಮಲಗಬಾರದು. ನಾಳೆ ಡಾಕ್ಟರು ನೋಡಿ ಎಷ್ಟು, ಹೇಗೆ ಅಂತ ಹೇಳುತ್ತಾರೆ.

"ನಾಳೆ ಬೆಳಗ್ಗೆ ಒಂಬತ್ತಕ್ಕೆ. ಕ್ಯೂ ಶುರುವಾಗೋಕೆ ಮುಂಚೆ. ನಾನು ಇಲ್ಲೇ ಷಟರ್ ಮುಂದೆ ನಿಂತಿರ್ತೀನಿ," ಅಂದ. ಅಪ್ಪ ಹೋದ ವಾರ ಉಜ್ಜಿ ಇಟ್ಟಿದ್ದವುಗಳಲ್ಲಿ ಉಳಿದಿದ್ದ ಎರಡನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ. ಮಿಕ್ಕ ಪಟ್ಟಿಗಳನ್ನೆಲ್ಲ ಬಾಚಿ ಚೀಲಕ್ಕೆ ಹಾಕಿಕೊಂಡ. "ಎಲ್ಲಾ ನನ್ನ ಹತ್ರ ಇರ್ಲಿ. ನಡಿ, ಅಮ್ಮ ಕಾಯ್ತಿರ್ತಾರೆ."

ಅವನು ಎಣಿಸಲಿಲ್ಲ. ಬ್ಯಾಗಿನ ಕಡೆ ನೋಡಲೂ ಇಲ್ಲ. ಷಟರಿನ ಕೆಳಗೆ ಬಗ್ಗಿ ಹೊರಗೆ ಹೋಗಿ, ಅವಳು ಬರಲಿ ಅಂತ ಷಟರನ್ನು ಎತ್ತಿ ಹಿಡಿದ. ಮಂಡಿ ನೋವಿಗೆ ಅವನ ಮುಖ ಕಿವುಚಿಕೊಂಡಿತ್ತು. ಅವಳು ಬಗ್ಗಿ ಹೊರಗೆ ಬಂದಳು. ಅವನು ಬೀಗ ಹಾಕಿದ. ಎಳೆದು ನೋಡಿದ.

ಹತ್ತು ಹೆಜ್ಜೆ ನಡೆದಿದ್ದರು.

"ಮಾಮ."

ಅವನು ನಿಂತ. ಅವಳು ಬ್ಯಾಗಿಗೆ ಕೈ ಹಾಕಿ, ಬಾಚಣಿಗೆ ತೆಗೆದು ಹಲ್ಲಲ್ಲಿ ಕಚ್ಚಿಕೊಂಡು, ತಳದಿಂದ ಪಟ್ಟಿ ಎಳೆದು ಚಾಚಿದಳು. ಬಾಯಲ್ಲಿ ಬಾಚಣಿಗೆ ಇದ್ದದ್ದರಿಂದ ಏನೂ ಹೇಳುವ ಹಾಗಿರಲಿಲ್ಲ. ಅವನು ಚೀಲದ ಬಾಯಿ ಅಗಲಿಸಿ ಹಿಡಿದ.

*

ಮನೆಯಲ್ಲಿ ನೆಂಟರೆಲ್ಲ ಹೋಗಿದ್ದರು. ಅತ್ತೆ ಒಬ್ಬಳು ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಅಮ್ಮ ಹೊತ್ತು ಮುಳುಗುವ ಮುಂಚೆಯೇ ಹಜಾರ ಗುಡಿಸಿ ಹಾಸಿಗೆಗಳನ್ನು ಹೊರತೆಗೆಯುತ್ತಿದ್ದಳು.

"ಅಮ್ಮ, ನಾಳೆ ಒಂಬತ್ತಕ್ಕೆ ನಾನು ಕ್ಲಿನಿಕ್ಕಿಗೆ ಹೋಗ್ಬೇಕು."

"ಯಾಕೆ, ಭುಜವಾ?"

"ಅಪ್ಪನ ಮಾತ್ರೆ ಅಪ್ಪ ತಿಂತಿರಲಿಲ್ಲ. ನಾನು ತಿಂತಿದ್ದೆ."

ಅಮ್ಮ ದಿಂಬಿನ ಕವರಿನ ಗುಂಡಿ ಹಾಕುತ್ತಿದ್ದಳು. ಮೂರು ಗುಂಡಿಗಳನ್ನೂ ಹಾಕಿ ಮುಗಿಸಿದಳು.

"ಎಷ್ಟು ದಿನದಿಂದ?"

"ಒಂದೂವರೆ ವರ್ಷ."

ಅಮ್ಮ ಕೋಣೆಯಲ್ಲಿ ಹಾಸಿದ್ದ ತನ್ನ ಚಾಪೆಯನ್ನು ಸುತ್ತಿ ತಂದಳು. ಬೀದಿ ಬಾಗಿಲಿನ ಚಿಲಕ ಹಾಕಿ, ಹೊಸ್ತಿಲಿಗೆ ಅಂಟಿಕೊಂಡ ಹಾಗೆ, ಬಾಗಿಲಿನ ಉದ್ದಕ್ಕೂ ಅಡ್ಡಲಾಗಿ ಚಾಪೆ ಬಿಡಿಸಿದಳು. ಯಾರೇ ಹೊರಗೆ ಹೋಗಬೇಕಾದರೂ ಅವಳನ್ನು ದಾಟಿಯೇ ಹೋಗಬೇಕು. ಬಾಗಿಲ ಸಂದಿನಿಂದ ಬೀಸುವ ಗಾಳಿಗೆ ಚಾಪೆಯ ಒಂದು ಮೂಲೆ ಏಳುತ್ತಿತ್ತು. ಅಮ್ಮ ಅದರ ಮೇಲೆ ಕೂತಳು.

"ಎಂಟೂವರೆಗೆ ಎಬ್ಬಿಸ್ತೀನಿ," ಅಂದಳು. "ಇಲ್ಲೇ ಪಕ್ಕದಲ್ಲಿ ಹಾಸ್ಕೋ."