ಗಿಳಿಯ ಕಾರ್ಡು, ಏಡಿಯ ಕಾರ್ಡು

ಮಕ್ಕಳಿಗೆ ಓದಲು ಬರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಮಣಿಪಾಲದ ಒಂದು ಕಂಪನಿಯವರು ಬರುತ್ತಾರೆಂದು ಗೊತ್ತಾದ ದಿನದಿಂದ ನಮ್ಮ ಶಾಲೆಯಲ್ಲಿ ಓದುವುದೇ ನಿಂತುಹೋಯಿತು. ಕತೆಪುಸ್ತಕಗಳೆಲ್ಲ ಕಪಾಟು ಸೇರಿದವು. ಪ್ರಾರ್ಥನೆ ಮುಗಿದದ್ದೇ ತಡ, ಹೆಡ್‌ಮಾಸ್ಟರ್ ಶೀನ ಮಾಸ್ಟ್ರು ಮೊಬೈಲ್ ಹಿಡಿದುಕೊಂಡು ನನ್ನ ಮೂರನೇ ಕ್ಲಾಸಿಗೆ ನುಗ್ಗುತ್ತಿದ್ದರು. ಹೆಜಮಾಡಿ ಕಡೆಯ ಯಾವುದೋ ಶಾಲೆಯಲ್ಲಿ ಪರೀಕ್ಷೆ ಮುಗಿದಾಗ ಒಬ್ಬ ಪುಣ್ಯಾತ್ಮ ಓದುವ ಕಾರ್ಡಿನ ಫೋಟೋ ತೆಗೆದು ವಾಟ್ಸ್ಯಾಪ್ ಗ್ರೂಪಿಗೆ ಹಾಕಿದ್ದ. ಅದು ನಮ್ಮ ಮಾಸ್ಟ್ರ ಪಾಲಿಗೆ ವೇದವಾಯಿತು. "ಒಂದು ಮರದಲ್ಲಿ ಒಂದು ಗಿಳಿ ಇತ್ತು" ಎಂದು ಅವರು ಹೇಳಬೇಕು, ಮಕ್ಕಳು ಕೂಗಬೇಕು. ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು "ಉಡುಪಿ ಉಡುಪಿ" ಎಂದು ಅರಚುತ್ತಾರಲ್ಲ, ಅದೇ ರಾಗ.

"ಇದು ಓದಿದ ಹಾಗೆ ಎಂತ ಆಯಿತು ಮಾಸ್ಟ್ರೇ?" ಎಂದು ಕೇಳಿದೆ.

"ಗುಣವತಿ ಟೀಚರ್, ನಿಮಗೆ ಎಲ್ಲದಕ್ಕೂ ಒಂದು ತಕರಾರು ಉಂಟು. ಕಂಪನಿಯ ಆ್ಯಪ್‌ನಲ್ಲಿ ಹಸಿರು ಬಂದರೆ ಓದಲು ಬಂದ ಹಾಗೆಯೇ," ಎಂದರು. ಇಷ್ಟು ವರ್ಷ ಪಾಠ ಮಾಡಿದ ಮನುಷ್ಯನ ಬಾಯಿಂದ ಬಂದ ಮಾತು ಇದು.

ಕೆಂಪು ಬಂದರೆ? ಫೀಸು ಕಟ್ಟುವವರ ಮಕ್ಕಳಿಗೆ ಏನೂ ಆಗುವುದಿಲ್ಲ, "ಇನ್ನೂ ಸ್ವಲ್ಪ ಪ್ರಯತ್ನಿಸಿ" ಎಂದು ಬೆನ್ನು ತಟ್ಟುತ್ತಾರೆ. ಆದರೆ ಪಕ್ಕದ ಕಲ್ಲುಕೋರೆಯ ಕೂಲಿಯವರ ಮಕ್ಕಳಿಗೆ ನಮ್ಮ ಟ್ರಸ್ಟಿನವರು ಕೊಟ್ಟ ಉಚಿತ ಸೀಟು ಉಂಟಲ್ಲ, ಕೆಂಪು ಬಿದ್ದರೆ ಅದು ರದ್ದು. ನನ್ನ ಕ್ಲಾಸಿನಲ್ಲಿ ಅಂಥವಳು ಒಬ್ಬಳೇ, ರಾಚವ್ವ. ಸೀಟು ಹೋದರೆ ಆ ಹುಡುಗಿ ಕೋರೆಯ ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಂಡು ಕೂರುವುದೇ ಸೈ. ಬೇರೆ ಶಾಲೆ ದೂರ, ಕರೆದುಕೊಂಡು ಹೋಗಲು ಯಾರೂ ಇಲ್ಲ.

ರಾಚವ್ವ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವವಳು. ಸಿಮೆಂಟ್ ಚೀಲ, ಬೇಕರಿಯ ಬೋರ್ಡು, ಚಕ್ಕುಲಿ ಕಟ್ಟಿದ ಪೇಪರು, ಯಾವುದನ್ನೂ ಬಿಡುವುದಿಲ್ಲ. ಆದರೆ ನಿಧಾನ. ಬೆರಳಿಟ್ಟು ಓದುತ್ತಾಳೆ, ಅರ್ಥವಾಗದಿದ್ದರೆ ಅಲ್ಲೇ ನಿಂತು ಯೋಚಿಸುತ್ತಾಳೆ. ಗಿಳಿಯ ಗಲಾಟೆ ನಡೆಯುವಾಗ ಅವಳು ಚಿಕ್ಕಪ್ಪನ ಮದುವೆಗೆಂದು ಊರಿಗೆ ಹೋಗಿದ್ದಳು. ಪರೀಕ್ಷೆಯ ಹಿಂದಿನ ದಿನ ಸಂಜೆಯಷ್ಟೇ ಬಂದಳು.

ಕಂಪನಿಯಿಂದ ಬಂದವನು ಉಜ್ವಲ್ ಎಂಬ ಹುಡುಗ. ಕೊರಳಲ್ಲಿ ಟ್ಯಾಗು, ಕೈಯಲ್ಲಿ ಟ್ಯಾಬು. ಮಕ್ಕಳ ಮುಖ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಮಗುವಿನ ಕೈಗೆ ಕಾರ್ಡು ಕೊಡುವುದು, ಟ್ಯಾಬಿನಲ್ಲಿ ಮೂಡಿದ ಪದಗಳಿಗೆ ಟಿಕ್ ಒತ್ತುವುದು, ನಿಮಿಷ ಮುಗಿದ ಕೂಡಲೇ "ನೆಕ್ಸ್ಟ್" ಎನ್ನುವುದು. ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಮಾತಾಡಬಾರದೆಂದು ಹೇಳಿದ್ದರು.

ಒಬ್ಬೊಬ್ಬರೇ ಬಂದರು. ಒಬ್ಬೊಬ್ಬರೂ ಗಿಳಿಯನ್ನು ಗಡಗಡನೆ ಹಾರಿಸಿಬಿಟ್ಟರು. ಹಸಿರು, ಹಸಿರು, ಹಸಿರು. ಬಾಗಿಲಲ್ಲಿ ನಿಂತಿದ್ದ ಮಾಸ್ಟ್ರ ಮುಖ ನೋಡಬೇಕಿತ್ತು, ಮಗಳ ಮದುವೆಯ ಊಟ ಬಡಿಸಲು ನಿಂತವರ ಹಾಗೆ ಬೀಗುತ್ತಿದ್ದರು.

ಕೊನೆಗೆ ರಾಚವ್ವ ಬಂದಳು. ಕಾರ್ಡನ್ನು ಹತ್ತಿರ ಹಿಡಿದು, ಬೆರಳಿಟ್ಟು ಓದಿದಳು.

"ಏಡಿಯೊಂದು... ಮರಳಿನಲ್ಲಿ... ಮನೆ... ಕಟ್ಟಿತು."

ಉಜ್ವಲ್ ತಲೆ ಎತ್ತಿದ. "ಏಡಿಯಾ? ಗಿಳಿ ಎಲ್ಲಿ?"

"ಗಿಳಿ ಇಲ್ಲರೀ ಸರ್. ಏಡಿ ಐತಿ," ಎಂದಳು ಅವಳು.

ಅವನು ಅಯ್ಯೋ ಪಾಪ ಎಂಬಂತೆ ನಕ್ಕು ಕೆಂಪು ಒತ್ತಿದ. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಕಾರ್ಡು ಕಿತ್ತುಕೊಂಡು ನೋಡಿದೆ. ಅದರಲ್ಲಿ ಇದ್ದದ್ದು ಏಡಿಯ ಕತೆಯೇ! ಗಿಳಿಯ ಕಾರ್ಡನ್ನು ಈ ಮಹಾಶಯ ಕಾಪುವಿನಲ್ಲೆಲ್ಲೋ ಬಿಟ್ಟು ಬಂದು, ಅದೇ ಹಳದಿ ಅಂಚಿನ ಇನ್ನೊಂದನ್ನು ಕಟ್ಟಿನಿಂದ ಎಳೆದಿದ್ದ ಎಂದು ಆಮೇಲೆ ಗೊತ್ತಾಯಿತು. ನನ್ನ ಕ್ಲಾಸಿನ ಉಳಿದ ಅಷ್ಟೂ ಮಕ್ಕಳು ಏಡಿಯನ್ನು ನೋಡುತ್ತಾ ಗಿಳಿಯನ್ನು ಹೇಳಿದ್ದರು. ಇವನು ಕಾರ್ಡು ನೋಡದೆ ಟ್ಯಾಬಿನಲ್ಲಿದ್ದ ಗಿಳಿಗೇ ಟಿಕ್ ಹಾಕಿದ್ದ. ಇಡೀ ಕೋಣೆಯಲ್ಲಿ ಓದಿದವಳು ಒಬ್ಬಳೇ.

"ನೋಡಿ ಮಾರಾಯರೆ, ಕಣ್ಣು ಬಿಟ್ಟು ನೋಡಿ," ಎಂದು ಕಾರ್ಡನ್ನು ಅವನ ಮೂಗಿಗೆ ಹಿಡಿದೆ.

ಅವನ ಮುಖ ಬಿಳಿಚಿತು. ಮಾಸ್ಟ್ರದ್ದೂ ಬಿಳಿಚಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಾಚಿಕೆ ಎನ್ನುವುದು ಬರುವುದಿದ್ದರೆ ಆಗಲೇ ಬರಬೇಕಿತ್ತು.

"ಆ್ಯಪ್‌ನಲ್ಲಿ ಒಮ್ಮೆ ಹೋದರೆ ತಿದ್ದಲಿಕ್ಕೆ ಆಗುವುದಿಲ್ಲ ಟೀಚರ್," ಎಂದ ಉಜ್ವಲ್.

"ಮತ್ತೆ ಮಾಡಿದರೆ ಎಲ್ಲರಿಗೂ ಕೆಂಪು ಬೀಳುತ್ತದೆ," ಎಂದರು ಮಾಸ್ಟ್ರು ತಗ್ಗಿದ ದನಿಯಲ್ಲಿ. "ಒಬ್ಬಳಿಗೋಸ್ಕರ ಶಾಲೆಯ ಹೆಸರು ಹಾಳು ಮಾಡುವುದಾ? ಅಷ್ಟೂ ಜನ ಒಂದು ಹೇಳುವಾಗ ಇವಳಿಗೆ ಮಾತ್ರ ಬೇರೆ ಎಂತಕ್ಕೆ ಬೇಕಿತ್ತು?"

ಟ್ರಸ್ಟಿಗೆ ದೂರು ಕೊಡುತ್ತೇನೆಂದೆ. ಧಾರಾಳವಾಗಿ ಕೊಡಿ ಎಂದರು. ಗಿಳಿ ಕಾರ್ಡಿನ ಆ ಫೋಟೋವನ್ನು ಗ್ರೂಪಿನಿಂದ ಮಾಸ್ಟ್ರಿಗೆ ದಾಟಿಸಿದವರು ಟ್ರಸ್ಟಿನ ಅಧ್ಯಕ್ಷರೇ ಅಂತೆ. ಆದರೂ ಹೋಗಿ ಹೇಳಿದೆ. ಅಧ್ಯಕ್ಷರು ನನಗೆ ಕಾಫಿ ಕುಡಿಸಿ, ಆರೋಗ್ಯ ವಿಚಾರಿಸಿ ಕಳಿಸಿದರು.

ವಾರ ಕಳೆದು ರಾಚವ್ವನ ತಾಯಿ ಶರಣಮ್ಮನನ್ನು ಆಫೀಸಿಗೆ ಕರೆಸಿದರು. ಸೆರಗಿನ ಮೇಲೆ ಕಲ್ಲಿನ ಪುಡಿ ಹಾಗೆಯೇ ಇತ್ತು, ಕೆಲಸ ಬಿಟ್ಟು ಓಡಿ ಬಂದಿದ್ದಳು. ಮಾಸ್ಟ್ರು ಒಂದು ಪತ್ರ ಚಾಚಿ, "ಸೀಟು ರದ್ದಾದ ಕಾರಣ ಇದರಲ್ಲಿ ಬರೆದುಂಟು, ಓದಿಕೊಳ್ಳಿ," ಎಂದರು. ಓದು ಬಾರದ ಹೆಂಗಸು ಎಂದು ಅವರಿಗೆ ಗೊತ್ತಿತ್ತು. ಅಲ್ಲೇ ಇದ್ದ ನಾನು ಓದಿ ಹೇಳಲೆಂದು ಕೈ ಮುಂದೆ ಮಾಡಿದೆ. ಆದರೆ ಅವಳು ನನ್ನ ಕಡೆ ತಿರುಗದೆ ಪತ್ರವನ್ನು ಪಕ್ಕದಲ್ಲಿ ನಿಂತಿದ್ದ ಮಗಳಿಗೆ ಕೊಟ್ಟಳು.

"ಏನ್ ಬರದಾರ ಓದವ್ವ."

ರಾಚವ್ವ ಬೆರಳಿಟ್ಟಳು. "ಈ... ವಿದ್ಯಾರ್ಥಿನಿಗೆ... ಕನ್ನಡ... ಓದಲು... ಬರುವುದಿಲ್ಲ."

"ಯಾರಿಗ ಬರೂದಿಲ್ಲಂತ?"

ಹುಡುಗಿ ಮತ್ತೊಮ್ಮೆ ಆ ಸಾಲಿನ ಮೇಲೆ ಬೆರಳು ಎಳೆದು ನೋಡಿದಳು.

"ನನಗಂತ ಬೇ."

ಶೀನ ಮಾಸ್ಟ್ರು ಗಡಿಯಾರ ನೋಡಿ ನನ್ನ ಕಡೆ ತಿರುಗಿದರು. "ನೀವೇ ನೋಡಿದಿರಲ್ಲ ಟೀಚರ್? ಒಂದು ಸಾಲಿಗೆ ಇಷ್ಟು ಹೊತ್ತು!"