ಪ್ರೇಮಲಾಳ ಹತ್ತು ನಿಮಿಷ

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿತ್ತು. ಸಿರ್ಗಾಪುರದ ಹಳ್ಳದಲ್ಲಿ ಹಿಂದಿನ ದಿನ ತೊಳೆದ ಕುರಿಗಳು ಒಣಗಿದ್ದವು. ಖಂಡೆಪ್ಪ ಬೆಳಗಿನಿಂದಲೇ ಉಣ್ಣೆ ಕತ್ತರಿಸಲು ಕೂತಿದ್ದ. ಮಗಳು ರಾಜೇಶ್ವರಿ, ನಾರಾಯಣಖೇಡಿನ ಶಾಲೆಯೊಂದರ ಗಣಿತದ ಟೀಚರ್, ಬೇವಿನ ನೆರಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಫೋನಿನಲ್ಲಿ ಜಗಳಕ್ಕಿಳಿದಿದ್ದಳು.

ಆ ಕಡೆ ಜಹೀರಾಬಾದಿನ ಪ್ರವೀಣಕುಮಾರ. ಗಡಿಭಾಗದ ಶಾಲೆಗಳು ಬಳಸುವ ಗಣಿತದ ಸಾಫ್ಟ್‌ವೇರ್ ಲೈಬ್ರರಿ, ಅಂದರೆ ಲೆಕ್ಕ ಮಾಡುವ ಸಿದ್ಧ ಫೈಲುಗಳ ಕಟ್ಟು, ಅವನದು; ಶಾಲೆಗಳ ಗಣಿತ ಮೇಳಕ್ಕೆ ತೀರ್ಪುಗಾರನೂ ಅವನೇ. ಹಿಂದಿನ ವಾರ ಜಹೀರಾಬಾದಿನ ಮೇಳದಲ್ಲಿ ರಾಜೇಶ್ವರಿಯ ವಿದ್ಯಾರ್ಥಿನಿ, ಒಂಬತ್ತನೆಯ ತರಗತಿಯ ಪ್ರೇಮಲಾ, ಅಂಕುಡೊಂಕಾದ ಹೊಲವನ್ನು ತ್ರಿಕೋನಗಳಾಗಿ ಒಡೆದು ವಿಸ್ತೀರ್ಣ ಹೇಳುವ ಪ್ರೋಗ್ರಾಂ ತೋರಿಸಬೇಕಿತ್ತು. ಕೊಟ್ಟದ್ದು ಹತ್ತು ನಿಮಿಷ. ಶಾಲೆಯ ಹಳೆಯ ಕಂಪ್ಯೂಟರು ಅದರಲ್ಲಿ ಒಂಬತ್ತು ನಿಮಿಷ ಕಪ್ಪು ಪರದೆಯನ್ನೇ ತೋರಿಸಿತು. ಪ್ರವೀಣಕುಮಾರ ಅಂಕದ ಹಾಳೆಯಲ್ಲಿ ‘ತಯಾರಿ ಸಾಲದು’ ಎಂದು ಬರೆದ.

ರಾಜೇಶ್ವರಿ ನಾಲ್ಕು ದಿನ ಕೂತು ಕಾರಣ ಹುಡುಕಿದಳು. ಹುಡುಗಿಯ ಪ್ರೋಗ್ರಾಂ ಬಳಸಿದ್ದು ಲೈಬ್ರರಿಯ ತ್ರಿಕೋನದ ಫೈಲು; ಅದಕ್ಕೆ ಬೇಕಾದದ್ದು ವರ್ಗಮೂಲ ಒಂದೇ. ಆದರೆ ಅದರ ಮೊದಲ ಸಾಲೇ ಲೈಬ್ರರಿಯಲ್ಲಿದ್ದದ್ದನ್ನೆಲ್ಲ ಇಂಪೋರ್ಟ್ ಮಾಡಿ ಒಳಗೆಳೆದುಕೊಳ್ಳುತ್ತಿತ್ತು. ಆ ಸಾಲನ್ನು ತಿದ್ದಿದರೂ ತಡ ತಪ್ಪಲಿಲ್ಲ; ವರ್ಗಮೂಲದ ಫೈಲೂ ಹಾಗೆಯೇ ಎಲ್ಲವನ್ನೂ ಕರೆಯುತ್ತಿತ್ತು. ಒಂದರ ಹಿಂದೊಂದು ಏಳು ಫೈಲು ತಿದ್ದಿ, ಯಾವುದಕ್ಕೆ ಎಷ್ಟು ಬೇಕೋ ಅಷ್ಟನ್ನೇ, ಅದು ಇರುವ ಫೈಲಿನಿಂದಲೇ ತರಿಸಿ ಪ್ರವೀಣಕುಮಾರನಿಗೆ ಕಳಿಸಿದ್ದಳು. ಅವನು ತಿರಸ್ಕರಿಸಿದ್ದ.

“ಒಂದು ಫೈಲಿನ ತಕರಾರಿಗೆ ಏಳು ಮುಟ್ಟೀರಲ್ರಿ ಮೇಡಂ? ನನ್ ಕಂಪ್ಯೂಟರಿನಾಗ ನಾಕು ಸೆಕೆಂಡಿಗೆ ತೆರೀತದ. ನಿಮ್ ಡಬ್ಬಾ ಬದಲಿ ಮಾಡ್ರಿ.”

“ಡಬ್ಬಾ ನಮ್ದು ಖರೇ ಸರ್. ಅದರಾಗ ಬ್ಯಾಡಾದ್ದೆಲ್ಲ ತುಂಬು ಅಂದವ್ರು ಯಾರ್ರಿ?”

ಫೋನು ಕಟ್ಟಾಯಿತು.

“ಏನಂತಾನವ್ವಾ?” ಖಂಡೆಪ್ಪ ಕತ್ತರಿಯಿಂದ ಕಣ್ಣೆತ್ತದೆ ಕೇಳಿದ.

“ಒಂದು ಕುರಿ ಬೇಕಂದ್ರ ದೊಡ್ಡಿ ಬಾಗಲಾ ಪೂರಾ ತೆಗಿ ಅಂತಾನಪ್ಪ.”

“ಹಂಗ ತೆಗದ್ರ ಹಿಂಡೇ ಬಂದು ಮೈಮ್ಯಾಲ ಬೀಳ್ತದ. ಬೇಕಾದ್ದರ ಹಿಂಗಾಲು ಹಿಡದು ಎಳೀಬೇಕು.” ಕತ್ತರಿ ನಿಲ್ಲಿಸಿ ನಕ್ಕ. “ಅಂವಂದೂ ಹಿಂಗಾಲೇ ಹಿಡಿ ಮತ್ತ.”

ಸೋಮವಾರ ಅವಳು ಶಾಲೆಯ ಕಂಪ್ಯೂಟರನ್ನು ಅಪ್ಪನ ಕಂಬಳಿಯಲ್ಲಿ ಸುತ್ತಿ ಜಹೀರಾಬಾದಿನ ಬಸ್ಸು ಹತ್ತಿದಳು. “ಕುರಿಮರಿ ಏನಮ್ಮಾ? ಟಿಕೀಟ್ ತಗೀಬೇಕು,” ಎಂದ ಕಂಡಕ್ಟರಿಗೆ ಕಂಬಳಿಯ ಅಂಚೆತ್ತಿ ತೋರಿಸಿದಳು.

ಪ್ರವೀಣಕುಮಾರನ ಮೇಜಿನ ಮೇಲೆ ಕಂಬಳಿ ಬಿಚ್ಚಿದಳು. “ಇದರ ಮ್ಯಾಲ ಓಡಸ್ರಿ. ನಾನು ಮಾತಾಡಂಗಿಲ್ಲ.”

ಓಡಿಸಿದ. ಚಹಾ ಬಂತು, ಆರಿತು. ಎರಡು ಸಲ ಗಡಿಯಾರ ನೋಡಿದ. ಆರನೆಯ ನಿಮಿಷಕ್ಕೆ, “ಕರೆಂಟ್ ಸಣ್ಣಗ ಅದ ಏನೋ,” ಎಂದ. ಒಂಬತ್ತು ನಿಮಿಷಕ್ಕೆ ಪರದೆ ಬೆಳಗಿತು. ಆಮೇಲೆ ತಾನು ತಿದ್ದಿದ್ದನ್ನು ಓಡಿಸಿದಳು. ಹನ್ನೊಂದು ಸೆಕೆಂಡು.

ಅವನು ತಲೆ ಕೆರೆದುಕೊಂಡು ಏಳೂ ಫೈಲುಗಳನ್ನು ಲೈಬ್ರರಿಗೆ ಸೇರಿಸಿದ. “ಆತಲ್ರಿ, ಮುಗೀತು.”

“ಹೆಂಗ ಮುಗೀತದರಿ? ತಯಾರಿ ಸಾಲದು ಅಂತ ಬರದೀರಿ. ಸಾಲದೇ ಇದ್ದದ್ದು ಯಾರ ತಯಾರಿ? ಆಕಿ ಹತ್ತು ನಿಮಿಷ ನಿಮ್ಮ ಮ್ಯಾಲ ಬಾಕಿ ಅದ. ಆ ಮಾತು ಹೊಡದು ಹಾಕ್ರಿ.”

“ಹಾಳೆ ಬೀರುದಾಗ ಅದ, ಚಾವಿ ಇಲ್ಲ. ಮುಂದಿನ ಮೇಳ ತಾಂಡೂರಿನಾಗ ಅದ, ಅಲ್ಲಿ ಆಕಿಗಿ ಮತ್ತ ಹತ್ತು ನಿಮಿಷ ಕೊಡ್ತೀನಿ; ಹಾಳೆನೂ ಅಲ್ಲೇ ತರ್ತೀನಿ, ಎಲ್ಲಾರ ಮುಂದ ಹೊಡದು ಹಾಕ್ತೀನಿ.”

ತಾಂಡೂರಿನಲ್ಲಿ ಪ್ರೇಮಲಾಳ ಪ್ರೋಗ್ರಾಂ ಕೂಡಲೇ ತೆರೆಯಿತು. ಹೊಲದ ವಿಸ್ತೀರ್ಣ ಹೇಳಿ, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರಿಸಿ, ಮೂರು ನಿಮಿಷ ಉಳಿಸಿಕೊಂಡು ವೇದಿಕೆ ಇಳಿದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಪ್ರವೀಣಕುಮಾರ.

“ಹಾಳೆ ಸರ್?” ರಾಜೇಶ್ವರಿ ಕೇಳಿದಳು.

“ಅಯ್ಯೋ, ಜಹೀರಾಬಾದಿನಾಗೇ ಉಳೀತ್ರಿ ಮೇಡಂ. ಹುಡುಗಿ ಗೆದ್ದಾಳಲ್ಲ, ಇನ್ನ್ಯಾಕ ಅದು?”

ರಾಜೇಶ್ವರಿ ಕಂಪ್ಯೂಟರನ್ನು ಮತ್ತೆ ಕಂಬಳಿಯಲ್ಲಿ ಸುತ್ತತೊಡಗಿದಳು. ಗಂಟು ಬಿಗಿದು ತಲೆಯೆತ್ತಿದಳು.

“ಸೋಮವಾರ ಬರ್ತೀನ್ರಿ. ಬೀರು ಚಾವಿ ಹುಡುಕಿ ಇಡ್ರಿ. ಪ್ರೇಮಲಾನೂ ಬರ್ತಾಳ.”