ಪಾರುಪತ್ಯಗಾರನ ಮನೆಯ ಕಾಫಿ

"ಏನೇ, ಹಸುವಿನ ಹೊಟ್ಟೆಗೆ ತಲೆ ಆನಿಸ್ಕೊಂಡು ನಿದ್ದೆ ಹೊಡೀತಿದ್ದೀಯಾ? ನಿಮ್ಮವ್ವನ ಹಾಸಿಗೆ ಅನ್ಕೊಂಡ್ಯಾ, ಮುಂಡೇದೇ?"

ಜಮೀನಿನ ಪಾರುಪತ್ಯಗಾರ ಲುಂಡ್‌ಕ್ವಿಸ್ಟ್, ಆಲ್ಫ್ರಿಡಾ ಹಾಲು ಕರೆಯಲು ಕೂತಿದ್ದ ಮುಕ್ಕಾಲಿಯನ್ನು ಬೂಟುಗಾಲಿನಲ್ಲಿ ಒದ್ದು ಮುಂದೆ ಹೋದ. ಅವಳು ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಹೊಟ್ಟೆಯಲ್ಲಿದ್ದದ್ದೆಲ್ಲ ಅವನ ಬೂಟಿನ ಮೇಲೇ ಬೀಳುತ್ತಿತ್ತು. ಕೊಟ್ಟಿಗೆಯ ಗಾಳಿ ಕುಡಿದೇ ಬೆಳೆದವಳು ಅವಳು. ಅಂಥವಳಿಗೆ ವಾರದಿಂದ ಬಿಸಿ ಹಾಲಿನ ವಾಸನೆ ಆಗುತ್ತಿರಲಿಲ್ಲ. ರವಿಕೆ ತಾಗಿದರೂ ಮೊಲೆ ನೋಯುತ್ತಿತ್ತು.

ಪಕ್ಕದ ಹಸುವಿನಡಿಯಿಂದ ಟೆಕ್ಲಾ ಅಜ್ಜಿ ಮೆಲ್ಲಗೆ ಕೇಳಿದಳು: "ತಪ್ಪಿ ಎಷ್ಟ್ ದಿನ ಆಯ್ತೇ?"

"ಏನಜ್ಜಿ?"

"ಹನ್ನೊಂದು ಹೆತ್ತೋಳ ಮುಂದೆ ನಾಟಕ ಆಡ್ಬೇಡ. ಮೂರು ಹಸು ಕರೆಯೋದ್ರೊಳಗೆ ಎರಡ್ ಸಲ ಉಚ್ಚೆಗೆ ಓಡ್ದೆ. ಮುಖ ನೋಡಿದ್ರೆ ಸುಣ್ಣ ಬಳ್ದಂಗೈತೆ."

"ಏಳು ವಾರ," ಅಂದಳು ಆಲ್ಫ್ರಿಡಾ. ಅಂದ ಮೇಲೆ ಅಳು ಬಂತು.

"ಅಯ್ಯೋ ನನ್ ಮಗಳೇ. ಇವತ್ತೇ ಕಾಫಿ ಕಣೇ."

ಆ ಜಮೀನಿನಲ್ಲಿ ಒಂದು ಪದ್ಧತಿಯಿತ್ತು. ಗಂಡಸಿಗೆ ಕೆಲಸ ಸಿಗಬೇಕಾದರೆ ಅವನ ಹೆಂಡತಿಯೋ ಮಗಳೋ ದಿನಕ್ಕೆ ಮೂರು ಹೊತ್ತು ಹಾಲು ಕರೆಯಬೇಕು. ಸ್ಟಾಕ್‌ಹೋಮಿನ ರೈಲು ಹಾಲಿಗೆ ಕಾಯುತ್ತದೆಯೇ ಹೊರತು ಯಾರ ಬಾಣಂತನಕ್ಕೂ ಕಾಯುವುದಿಲ್ಲ. ಅದಕ್ಕೇ ಪ್ರತಿ ಸೆಪ್ಟೆಂಬರ್‌ನಲ್ಲಿ, ಮುಂದಿನ ವರ್ಷದ ಕರಾರಿಗೆ ಮೊದಲು, ಪಾರುಪತ್ಯಗಾರನ ಹೆಂಡತಿ ಹೆಡ್ವಿಗ್ ಹಾಲು ಕರೆಯುವವರನ್ನೆಲ್ಲ ಅಡುಗೆಮನೆಗೆ ಕರೆದು ಕಾಫಿ ಕೊಡುತ್ತಿದ್ದಳು. ಎಂಥಾ ದೊಡ್ಡ ಮನಸ್ಸು! ವರ್ಷವೆಲ್ಲ ಹುರಿದ ರೈ ಧಾನ್ಯದ ಕಷಾಯ ಕುಡಿಯುವ ಹೆಂಗಸರು ನಿಜವಾದ ಕಾಫಿಯನ್ನು ಬೇಡ ಅನ್ನುವುದುಂಟೇ? ಬೇಡ ಅಂದವಳು ಬಸುರಿ. ಹೊಟ್ಟೆ ಕಾಣುವುದಕ್ಕೆ ಎಷ್ಟೋ ಮೊದಲೇ ಮೂಗು ಹೇಳಿಬಿಡುತ್ತದೆ ಅನ್ನುವುದು ನಾಲ್ಕು ಹೆತ್ತ ಹೆಡ್ವಿಗ್‌ಗೆ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಸಿಕ್ಕಿಬಿದ್ದವಳು ಸಿಗ್ನೆ. ಕರಾರು ಸಿಗದೆ ಅಕ್ಟೋಬರ್ ಕೊನೆಯಲ್ಲಿ ಅವಳ ಸಂಸಾರ ಗಾಡಿ ಹತ್ತಿತು. ಊರೂರು ಅಲೆದು, ಹಿಮದಲ್ಲಿ ಗಾಡಿಯ ಮೇಲೇ ಹೆತ್ತಳಂತೆ. ಮಗು ಉಳಿಯಲಿಲ್ಲ.

ಕಾಫಿಗೆ ಹೊರಡುವಾಗ ಆಲ್ಫ್ರಿಡಾಳ ಗಂಡ ಏವರ್ಟ್ ತಲೆ ತಗ್ಗಿಸಿಕೊಂಡೇ ಅಂದ: "ಮೂಗು ಮುಚ್ಕೊಂಡಾದ್ರೂ ನುಂಗೇ. ಚಳೀಲಿ ಎರಡು ಮಕ್ಳನ್ನ ಕಟ್ಕೊಂಡು ಎಲ್ಲಿಗೋಗಣ?"

"ನೀನು ಬೀಜ ಹಾಕು, ನಾನು ನುಂಗ್ತೀನಿ," ಅಂದಳು ಆಲ್ಫ್ರಿಡಾ. ಅವನ ಮುಖ ನೋಡಿ ಅಯ್ಯೋ ಅನ್ನಿಸಿತು. ಆದರೂ ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ.

ಅಡುಗೆಮನೆಯಲ್ಲಿ ಒಂಬತ್ತು ಹೆಂಗಸರು ಬೆಂಚಿನ ಮೇಲೆ ಒತ್ತಿಕೊಂಡು ಕೂತರು. ಹೆಡ್ವಿಗ್ ತಾಮ್ರದ ಕೆಟಲ್ ಹಿಡಿದು ಒಬ್ಬೊಬ್ಬರ ಮುಂದೆ ನಿಂತು, ಮುಖ ನೋಡುತ್ತ ಕಾಫಿ ಬಗ್ಗಿಸಿದಳು. ಆಲ್ಫ್ರಿಡಾ ಉಸಿರು ಕಟ್ಟಿ ಮೊದಲ ಗುಟುಕು ನುಂಗಿದಳು. ಅದು ಗಂಟಲವರೆಗೆ ಬಂದು ಮತ್ತೆ ಇಳಿಯಿತು. ಎರಡನೆಯದೂ ಇಳಿಯಿತು. ಹೆಡ್ವಿಗ್ ಕದಲಲಿಲ್ಲ. ಬಟ್ಟಲು ಖಾಲಿಯಾಗುತ್ತಲೂ ಕಂಠದವರೆಗೆ ಮತ್ತೆ ತುಂಬಿದಳು.

"ಕುಡಿಯೇ. ಬೆವರ್ತಿದ್ದೀಯಲ್ಲ, ಯಾಕೆ?"

"ಒಲೆ ಕಾವು ಅಮ್ಮಾವ್ರೇ."

"ಒಲೆ ಕಾವೋ, ಹೊಟ್ಟೆ ಕಾವೋ? ನಾಯಿಗಳ ಹಂಗೆ ವರ್ಷಕ್ಕೊಂದು ಈಯ್ತೀರಿ, ಆಮೇಲೆ ನಮ್ ಹಸು ಕೆಚ್ಚಲು ಬಾತ್ಕೊಂಡು ಸಾಯ್ತವೆ. ಬಾಯಿ ತೆಗಿ!"

ಹೆಡ್ವಿಗ್ ಅವಳ ಗಲ್ಲ ಹಿಡಿದು ಬಟ್ಟಲನ್ನು ಮೂಗಿಗೇ ಒತ್ತಿದಳು. ಆಲ್ಫ್ರಿಡಾಳ ಕಣ್ಣಲ್ಲಿ ನೀರು ಬಂತು. ಎರಡು ಮಕ್ಕಳ ಮುಖ ಕಣ್ಣಮುಂದೆ ಬಂತು. ಇನ್ನು ತಡೆಯಲಾರೆ, ಮುಗಿಯಿತು ಅಂದುಕೊಂಡಳು.

ಆಗ ಟೆಕ್ಲಾ ಅಜ್ಜಿ ತನ್ನ ತುಂಬಿದ ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಕಾಫಿ ಬಿಳಿ ಬಟ್ಟೆಯ ಮೇಲೆ ಹರಿಯಿತು.

"ನಂಗ್ ಬ್ಯಾಡ ಅಮ್ಮಾವ್ರೇ. ವಾಸನೆಗೇ ವಾಕರಿಕೆ ಬರ್ತೈತೆ. ನಾನೂ ಬಸುರಿ."

ಹೆಡ್ವಿಗ್ ಕೈ ಸಡಿಲವಾಯಿತು. "ಅರವತ್ತಾರು ವರ್ಷದ ಮುದಿಗೊಡ್ಡು ನೀನು!"

"ಬರ್ಕೊಳ್ಳಿ. ಟೆಕ್ಲಾ ಬಸುರಿ."

ಯಾರೂ ನಗಲಿಲ್ಲ. ಬೆಂಚಿನ ತುದಿಯಲ್ಲಿದ್ದ ಗೆರ್ಟ್ರುಡ್ ಬಟ್ಟಲು ಬೋರಲು ಹಾಕಿದಳು. "ನಂಗೂ ಬ್ಯಾಡ." ಆಮೇಲೆ ಇನ್ನೊಬ್ಬಳು. ಮದುವೆಯೇ ಆಗದ ಲೀಸಾ ಕೂಡ ಅಂದಳು, "ನಾನೂ ಬಸುರಿ ಅಮ್ಮಾವ್ರೇ." ಉಳಿದವರೂ ಬಟ್ಟಲು ಬೋರಲು ಹಾಕಿದರು. ಎಂಟು ಬಟ್ಟಲ ಕಾಫಿ ಮೇಜಿನಂಚಿನಿಂದ ನೆಲಕ್ಕೆ ತೊಟ್ಟಿಕ್ಕಿತು.

ಗದ್ದಲ ಕೇಳಿ ಬಂದ ಲುಂಡ್‌ಕ್ವಿಸ್ಟ್ ಬಾಗಿಲಲ್ಲೇ ನಿಂತು ಅರಚಿದ: "ಒಂಬತ್ತು ಮನೇನೂ ಖಾಲಿ ಮಾಡಿಸ್ತೀನಿ, ಬೇವರ್ಸಿಗಳಾ! ಹೊತ್ತಾಯ್ತು, ಏಳಿ, ಹಾಲು ಕರೀರಿ!"

ಆಲ್ಫ್ರಿಡಾಗೆ ಇನ್ನು ತಡೆಯಬೇಕಾದ್ದು ಏನೂ ಇರಲಿಲ್ಲ. ಹೆಡ್ವಿಗ್‌ಳ ತಿಕ್ಕಿ ತೊಳೆದ ನೆಲದ ಮೇಲೆ ಬಗ್ಗಿ, ಕುಡಿದದ್ದನ್ನೆಲ್ಲ ಕಾರಿದಳು. ಟೆಕ್ಲಾ ಅಜ್ಜಿ ಅವಳ ಹಣೆ ಹಿಡಿದುಕೊಂಡಳು. ಅಂಗಳದಾಚೆ ಎಪ್ಪತ್ತು ಹಸುಗಳು ತುಂಬಿದ ಕೆಚ್ಚಲ ನೋವಿಗೆ ಒಂದೊಂದಾಗಿ ಕೂಗತೊಡಗಿದವು. ಬೆಂಚಿನಿಂದ ಒಬ್ಬಳೂ ಏಳಲಿಲ್ಲ.